ಚರ್ಮದ ಮಾತು ಕೇಳಿಸಿಕೊಳ್ಳೋಣ

(ನಮ್ಮ ಸಂಘದ ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಅರಸಿನ ಕುಂಕುಮದ ದಿನ ಕ್ಯಾನ್ಸರ್ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಾರ್ಯಾಧ್ಯಕ್ಷೆಯವರು ಈ ವಿಷಯ ಕೊಟ್ಟಾಗ ನಾನೂ ಅದನ್ನೇ ಕೇಳಿದೆ. "ಅರಸಿನ ಹಚ್ಚುವುದು ಚರ್ಮಕ್ಕೆ ತಾನೇ? ಚರ್ಮದ ಬಗ್ಗೆಯೇ ಮಾತಾಡು, ಎಲ್ಲರೂ ಕೇಳುತ್ತಾರೆ" ಎಂದರು. ನಾನು ವೈದ್ಯೆಯಲ್ಲ. ಎಂ.ಟೆಕ್ ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವಳು. ಹಾಗಾಗಿ ನಾನಿಲ್ಲಿ ರೋಗ ಹೇಳುವುದಿಲ್ಲ, ಮದ್ದು ಹೇಳುವುದಿಲ್ಲ. ಯಾವಾಗ ಡಾಕ್ಟರರ ಬಾಗಿಲು ತಟ್ಟಬೇಕು ಎನ್ನುವುದನ್ನಷ್ಟೇ ಓದಿ ತಿಳಿದಷ್ಟು ಹೇಳುತ್ತೇನೆ.

ಈ ವಿಷಯ ಹುಟ್ಟಿಕೊಂಡದ್ದು ನಮ್ಮ ವಾಟ್ಸಾಪ್ ಗುಂಪಿನಲ್ಲೇ. 2024ರ ಕೊನೆಯಲ್ಲಿ "ಪೆಟಿಕೋಟ್ ಕ್ಯಾನ್ಸರ್" ಎಂಬ ಸುದ್ದಿ ಎಲ್ಲರ ಮೊಬೈಲಿಗೂ ಬಂತು. ಸೀರೆ ಉಟ್ಟರೆ ಕ್ಯಾನ್ಸರ್ ಬರುತ್ತದಂತೆ ಎಂದು ಕೆಲವರು ಹೆದರಿದರು, ಕೆಲವರು ನಕ್ಕರು. ಸುದ್ದಿಯ ಮೂಲ ನಮ್ಮ ಮಹಾರಾಷ್ಟ್ರದ ವರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಇಬ್ಬರು ಮಹಿಳೆಯರ ವರದಿ. ಒಬ್ಬರು 70 ವರ್ಷದವರು, ಇನ್ನೊಬ್ಬರು ಅರುವತ್ತು ಕಳೆದವರು. ವರ್ಷಗಟ್ಟಲೆ ಸೊಂಟದ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿ ಕಟ್ಟಿ ಚರ್ಮ ಉಜ್ಜಿ ಹುಣ್ಣಾಗಿ, ಆ ಹುಣ್ಣು ಒಂದೂವರೆ, ಎರಡು ವರ್ಷವಾದರೂ ಮಾಯದೆ ಕೊನೆಗೆ ಕ್ಯಾನ್ಸರ್ ಆಗಿತ್ತು. ಅದು ಸೀರೆಯ ದೋಷವಲ್ಲ. ಲಾಡಿ ಸಡಿಲ ಮಾಡಿ, ಕಟ್ಟುವ ಜಾಗ ಬದಲಿಸಿ, ಹುಣ್ಣನ್ನು ಬೇಗ ತೋರಿಸಿದ್ದರೆ ಅಲ್ಲಿಗೆ ಹೋಗುತ್ತಿರಲಿಲ್ಲ.

ಇದು ಹೊಸ ವಿಷಯವೂ ಅಲ್ಲ. ನಮ್ಮ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ವಸಂತ ಖಾನೋಲ್ಕರ್ ಅವರು 1945ರಲ್ಲೇ ಸೊಂಟದಲ್ಲಿ ಧೋತಿ ಬಿಗಿದು ಕಟ್ಟುವವರಿಗೆ ಬರುವ "ಧೋತಿ ಕ್ಯಾನ್ಸರ್" ಬಗ್ಗೆ ಬರೆದಿದ್ದರು. ಅಂದರೆ ಎಂಬತ್ತು ವರ್ಷಗಳಿಂದ ಮುಂಬಯಿಯ ವೈದ್ಯರಿಗೆ ಇದು ಗೊತ್ತು. ಗೊತ್ತಾಗಬೇಕಾದ್ದು ನಮಗೆ.

ಆ ಸುದ್ದಿ ಚರ್ಮದಲ್ಲೇ ಹುಟ್ಟುವ ಕ್ಯಾನ್ಸರಿನದು. ಅದನ್ನು ಓದುತ್ತಾ ಹೋದಾಗ ನನಗೆ ಇನ್ನೊಂದು ವಿಷಯ ಸಿಕ್ಕಿತು. ಕೆಲವೊಮ್ಮೆ ಕ್ಯಾನ್ಸರ್ ಇರುವುದು ಹೊಟ್ಟೆಯಲ್ಲಿ, ಅಂಡಾಶಯದಲ್ಲಿ, ಎದೆಯೊಳಗೆ, ರಕ್ತದಲ್ಲಿ. ಅದು ಹೊರಗೆ ಕಾಣುವುದಿಲ್ಲ, ನೋವೂ ಇರುವುದಿಲ್ಲ. ಆದರೆ ಚರ್ಮದಲ್ಲಿ ಏನೋ ಒಂದು ಬದಲಾವಣೆ ಕಾಣಿಸುತ್ತದೆ. ಇವತ್ತಿನ ನನ್ನ ಮಾತು ಅದರ ಬಗ್ಗೆ.

ಹೆದರಿಸುವ ಮೊದಲು ಒಂದು ಮಾತು ಗಟ್ಟಿಯಾಗಿ ಹೇಳಿಬಿಡುತ್ತೇನೆ. ತುರಿಕೆ, ಕಜ್ಜಿ, ಹುಳುಕಡ್ಡಿ, ಕಪ್ಪು ಕಲೆ, ನರಹುಲಿ, ಇವುಗಳಲ್ಲಿ ಹೆಚ್ಚಿನವಕ್ಕೂ ಕ್ಯಾನ್ಸರಿಗೂ ಯಾವ ಸಂಬಂಧವೂ ಇಲ್ಲ. ಮುಂಬಯಿಯ ಸೆಕೆ, ಬೆವರು, ಮಳೆಗಾಲದಲ್ಲಿ ಒಣಗದ ಬಟ್ಟೆ, ಲೋಕಲ್ ರೈಲಿನ ಜನಜಂಗುಳಿ, ಇಷ್ಟೇ ಸಾಕು ಚರ್ಮ ಕೆಡಲು. ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಮೈಮೇಲಿನ ಒಂದೊಂದು ಚುಕ್ಕೆಗೂ ಗೂಗಲ್ ಮಾಡಬೇಡಿ. ರಾತ್ರಿ ನಿದ್ದೆ ಬರುವುದಿಲ್ಲ.

ಹಾಗಾದರೆ ಯಾವುದಕ್ಕೆ ಗಮನ ಕೊಡಬೇಕು? ಕೆಲವು ಉದಾಹರಣೆ ಹೇಳುತ್ತೇನೆ.

ಮೊದಲು ಕತ್ತಿನ ಕಪ್ಪು. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ, ದಪ್ಪವಾಗಿ, ಮುಟ್ಟಿದರೆ ಮಖಮಲ್ಲಿನಂತೆ ಇರುತ್ತದೆ. ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಇರುತ್ತದೆ. "ಸರಿಯಾಗಿ ಉಜ್ಜಿ ಸ್ನಾನ ಮಾಡು, ಕತ್ತಲ್ಲಿ ಎಷ್ಟು ಕೊಳೆ ನೋಡು" ಎಂದು ನಾವು ಬೈಯುತ್ತೇವೆ. ಅದು ಕೊಳೆಯಲ್ಲ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವುದರ ಗುರುತು. ಮುಂದೆ ಸಕ್ಕರೆ ಕಾಯಿಲೆ ಬರಬಹುದು, ಪಿ.ಸಿ.ಓ.ಎಸ್. ಇರಬಹುದು. ವೈದ್ಯರು ಇದನ್ನು ಅಕಾಂಥೋಸಿಸ್ ನೈಗ್ರಿಕನ್ಸ್ ಎನ್ನುತ್ತಾರೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಕಾರಣ ಇಂಥದ್ದೇ ಇರುತ್ತದೆ ಎಂದುಕೊಳ್ಳಿ. ಮಗುವನ್ನು ಬೈಯುವ ಬದಲು ಸಕ್ಕರೆ ಪರೀಕ್ಷೆ ಮಾಡಿಸಿ.

ಆದರೆ ಅದೇ ಕಪ್ಪು, ತೆಳ್ಳಗಿರುವ ಒಬ್ಬ ನಡುವಯಸ್ಸಿನವರಿಗೆ, ಸಕ್ಕರೆ ಕಾಯಿಲೆ ಇಲ್ಲದವರಿಗೆ, ಎರಡು ಮೂರು ತಿಂಗಳಲ್ಲಿ ಇದ್ದಕ್ಕಿದ್ದಂತೆ ಬಂದು ವೇಗವಾಗಿ ಹರಡಿದರೆ ಅದರ ಅರ್ಥ ಬೇರೆ. ಜೊತೆಗೆ ತುಟಿ, ಬಾಯಿಯ ಒಳಗೂ ದೊರಗಾದರೆ, ಅಂಗೈ ಚರ್ಮ ದಪ್ಪವಾಗಿ ಗೆರೆಗಳು ಎದ್ದು ಕಂಡರೆ, ತೂಕ ಇಳಿಯುತ್ತಿದ್ದರೆ, ವೈದ್ಯರು ಹೊಟ್ಟೆಯೊಳಗೆ ನೋಡುತ್ತಾರೆ. ಇಂಥ ಸಂದರ್ಭದಲ್ಲಿ ಹೆಚ್ಚಾಗಿ ಸಿಗುವುದು ಜಠರದ ಕ್ಯಾನ್ಸರ್. ಅಲ್ಲಿನ ಗಡ್ಡೆ ರಕ್ತಕ್ಕೆ ಬಿಡುವ ಕೆಲವು ವಸ್ತುಗಳು ಚರ್ಮದ ಜೀವಕೋಶಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಬೆಳೆಸುತ್ತವೆ. ಗಮನಿಸಿ, ಚರ್ಮದ ಕಪ್ಪು ಎರಡೂ ಕಡೆ ಒಂದೇ. ಬೇರೆ ಇರುವುದು ವಯಸ್ಸು, ವೇಗ, ಜೊತೆಗಿರುವ ಲಕ್ಷಣಗಳು.

ಎರಡನೆಯದು ಕಣ್ಣಿನ ರೆಪ್ಪೆಯ ಬಣ್ಣ. 2024ರ ಫೆಬ್ರವರಿಯಲ್ಲಿ "ದಂಗಲ್" ಸಿನಿಮಾದಲ್ಲಿ ಪುಟ್ಟ ಬಬಿತಾ ಆಗಿ ಅಭಿನಯಿಸಿದ್ದ ಸುಹಾನಿ ಭಟ್ನಾಗರ್ 19ನೇ ವಯಸ್ಸಿನಲ್ಲೇ ತೀರಿಕೊಂಡಳು. ಆಗ ನಮ್ಮಲ್ಲಿ ಎಷ್ಟೋ ಮಂದಿ ಡರ್ಮಟೊಮಯೊಸೈಟಿಸ್ ಎಂಬ ಹೆಸರನ್ನು ಮೊದಲ ಸಲ ಕೇಳಿದೆವು. ಆ ಸುದ್ದಿಯಲ್ಲಿ ಕ್ಯಾನ್ಸರಿನ ಮಾತು ಇರಲಿಲ್ಲ; ಮಕ್ಕಳಲ್ಲಿ ಈ ಕಾಯಿಲೆಗೂ ಕ್ಯಾನ್ಸರಿಗೂ ನಂಟು ಬಹಳ ಅಪರೂಪ. ದೊಡ್ಡವರಲ್ಲಿ, ಅದರಲ್ಲೂ ನಲುವತ್ತು ದಾಟಿದವರಲ್ಲಿ ಹಾಗಲ್ಲ. ಕಣ್ಣಿನ ಮೇಲ್ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಳ್ಳುತ್ತದೆ. ಬೆರಳ ಗೆಣ್ಣುಗಳ ಮೇಲೆ ಕೆಂಪು ಅಥವಾ ನೇರಳೆ ಗುಳ್ಳೆಗಳು ಬರುತ್ತವೆ. ಜೊತೆಗೆ ಸ್ನಾಯುಗಳು ಬಲ ಕಳೆದುಕೊಳ್ಳುತ್ತವೆ. ನೆಲದಲ್ಲಿ ಕೂತರೆ ಕೈ ಊರದೆ ಏಳಲಾಗುವುದಿಲ್ಲ. ಹಗ್ಗದ ಮೇಲೆ ಬಟ್ಟೆ ಹಾಕಲು, ತಲೆ ಬಾಚಿಕೊಳ್ಳಲು ಕೈ ಎತ್ತಲಾಗುವುದಿಲ್ಲ.

ನಾವು ಇದಕ್ಕೆ ಏನು ಹೇಳುತ್ತೇವೆ? "ವಯಸ್ಸಾಯಿತು, ಕ್ಯಾಲ್ಸಿಯಂ ಕಮ್ಮಿ" ಎನ್ನುತ್ತೇವೆ. ಕಣ್ಣಿನ ಬಣ್ಣಕ್ಕೆ "ನಿದ್ದೆ ಸಾಲದು" ಎನ್ನುತ್ತೇವೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದಿಲ್ಲ. ಈ ಕಾಯಿಲೆ ಬಂದ ದೊಡ್ಡವರಲ್ಲಿ ನೂರಕ್ಕೆ ಸುಮಾರು 15ರಿಂದ 30 ಮಂದಿಗೆ ದೇಹದಲ್ಲಿ ಎಲ್ಲಾದರೂ ಕ್ಯಾನ್ಸರ್ ಇರುತ್ತದೆ ಎಂದು ವೈದ್ಯರ ಲೆಕ್ಕ. ಹೆಂಗಸರಲ್ಲಿ ಅಂಡಾಶಯ ಮತ್ತು ಸ್ತನ ಮುಖ್ಯವಾದವು. ಅಂಡಾಶಯದ ಕ್ಯಾನ್ಸರ್ ಎಷ್ಟು ಮೌನವಾಗಿ ಬೆಳೆಯುತ್ತದೆ ಎನ್ನುವುದು ನಿಮಗೆ ಗೊತ್ತಿರಬಹುದು. ಅದಕ್ಕೇ ಈ ಕಾಯಿಲೆ ಎಂದು ಗೊತ್ತಾದ ಕೂಡಲೇ ಒಳ್ಳೆಯ ವೈದ್ಯರು ಬೇರೆ ತಪಾಸಣೆಗಳನ್ನೂ ಬರೆಯುತ್ತಾರೆ. "ಚರ್ಮಕ್ಕೆ ಬಂದರೆ ಹೊಟ್ಟೆಯ ಸ್ಕ್ಯಾನ್ ಯಾಕೆ, ದುಡ್ಡು ಮಾಡಲಿಕ್ಕೆ" ಎಂದು ಗೊಣಗಿ ಬಿಟ್ಟುಬಿಡಬೇಡಿ.

ಮೂರನೆಯದು ಹೇಳಲು ಸಂಕೋಚವಾಗುವ ವಿಷಯ. ಅದಕ್ಕೇ ಹೇಳಲೇಬೇಕು. ನನ್ನ ದೊಡ್ಡಮ್ಮನಿಗೆ ಮೊಲೆತೊಟ್ಟಿನ ಮೇಲೆ ಸಣ್ಣ ಕಜ್ಜಿಯಂಥದ್ದು ಬಂತು. ತುರಿಕೆ, ಹೊಟ್ಟು ಏಳುವುದು, ಕೆಲವೊಮ್ಮೆ ನೀರು ಒಸರುವುದು. ಒಂದೇ ಕಡೆ. ಔಷಧಿ ಅಂಗಡಿಯಲ್ಲಿ ಎಲ್ಲಿ ಎಂದು ಹೇಳದೆ ತುರಿಕೆಗೆ ಮುಲಾಮು ಕೇಳಿದರು, ಅವರು ಕೊಟ್ಟರು. ಹಚ್ಚಿದಾಗ ಕಡಿಮೆ, ಬಿಟ್ಟಾಗ ಮತ್ತೆ. ಎಂಟು ತಿಂಗಳು ಹೀಗೆ ಹೋಯಿತು. ಮನೆಯಲ್ಲಿ ಇಬ್ಬರು ಸೊಸೆಯಂದಿರು, ಒಬ್ಬ ಮಗಳು ಇದ್ದರೂ ಯಾರಿಗೂ ಹೇಳಲಿಲ್ಲ. ಕೊನೆಗೆ ಒಳ ರವಿಕೆಯ ಮೇಲೆ ರಕ್ತದ ಕಲೆ ಕಂಡು ಸೊಸೆ ಕೇಳಿದಾಗ ವಿಷಯ ಹೊರಗೆ ಬಂತು. ಸಣ್ಣ ತುಂಡು ಚರ್ಮ ತೆಗೆದು ಪರೀಕ್ಷೆ ಮಾಡಿದಾಗ ಅದು ಪೇಜೆಟ್ಸ್ ಕಾಯಿಲೆ. ಒಳಗೆ ಸ್ತನದ ಕ್ಯಾನ್ಸರ್ ಇತ್ತು. ಕೈಗೆ ಗಂಟು ಸಿಗುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ಆಗಿ ಈಗ ದೊಡ್ಡಮ್ಮ ಚೆನ್ನಾಗಿದ್ದಾರೆ. ಅವರ ಒಪ್ಪಿಗೆ ಕೇಳಿಯೇ ಇಲ್ಲಿ ಹೇಳುತ್ತಿದ್ದೇನೆ. "ಹೇಳು ಮಗಾ, ಇನ್ನೊಬ್ಬಳಾದರೂ ನನ್ನ ಹಾಗೆ ಮುಚ್ಚಿಡದಿರಲಿ" ಎಂದರು.

ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪೇಜೆಟ್ ಇದನ್ನು ಬರೆದದ್ದು 1874ರಲ್ಲಿ. ಮೊಲೆತೊಟ್ಟಿನ ಚರ್ಮ ಕೆಟ್ಟಿದ್ದ ಸುಮಾರು 15 ಮಹಿಳೆಯರನ್ನು ಅವರು ನೋಡಿದ್ದರು. ಎಲ್ಲರಿಗೂ ಒಂದೆರಡು ವರ್ಷದೊಳಗೆ ಸ್ತನದ ಕ್ಯಾನ್ಸರ್ ಕಾಣಿಸಿತ್ತು. ನೂರೈವತ್ತು ವರ್ಷ ಹಳೆಯ ತಿಳಿವಳಿಕೆ ಇದು. ಎರಡೂ ಕಡೆ ತುರಿಕೆ ಇದ್ದರೆ ಸಾಮಾನ್ಯವಾಗಿ ಅಲರ್ಜಿ ಅಥವಾ ಎಕ್ಸಿಮಾ. ಒಂದೇ ಕಡೆ, ತೊಟ್ಟಿನಿಂದಲೇ ಶುರುವಾಗಿ, ಕೆಲವು ವಾರದಲ್ಲಿ ಗುಣವಾಗದಿದ್ದರೆ ಚರ್ಮದ ತುಂಡು ಪರೀಕ್ಷೆ ಆಗಲೇಬೇಕು.

ಇದರ ಜೊತೆಗೇ ಇನ್ನೊಂದು. ಸ್ತನದ ಚರ್ಮ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಕುಳಿ ಬಿದ್ದು, ಕೆಂಪಾಗಿ, ಬಿಸಿಯಾಗಿ, ಭಾರವಾದರೆ ಮೊದಲು ಸೋಂಕು ಎಂದೇ ಅನ್ನಿಸುತ್ತದೆ. ಹಾಲೂಡಿಸುವ ತಾಯಂದಿರಿಗೆ ಸೋಂಕು ಸಾಮಾನ್ಯ ಕೂಡಾ. ಆದರೆ ಆಂಟಿಬಯಾಟಿಕ್ ತೆಗೆದುಕೊಂಡು ಒಂದೆರಡು ವಾರದಲ್ಲಿ ಇಳಿಯದಿದ್ದರೆ ಮತ್ತೊಂದು ಆಂಟಿಬಯಾಟಿಕ್‌ಗೆ ಕಾಯದೆ ಮುಂದಿನ ಪರೀಕ್ಷೆ ಕೇಳಬೇಕು. ಉರಿಯೂತದ ಸ್ತನ ಕ್ಯಾನ್ಸರ್ ಎಂಬ ಜಾತಿಯಲ್ಲಿ ಗಂಟೇ ಇಲ್ಲದೆ ಹೀಗೆ ಕಾಣಿಸಬಹುದು. ಅದು ವೇಗವಾಗಿ ಬೆಳೆಯುತ್ತದೆ.

ನಾಲ್ಕನೆಯದು ಬರೀ ತುರಿಕೆ. ಚರ್ಮದ ಮೇಲೆ ಏನೂ ಇಲ್ಲ, ಆದರೆ ಮೈಯೆಲ್ಲ ತುರಿಕೆ, ರಾತ್ರಿ ಹೆಚ್ಚು, ವಾರಗಟ್ಟಲೆ. ಒಣ ಚರ್ಮ, ರಕ್ತದಲ್ಲಿ ಕಬ್ಬಿಣದ ಕೊರತೆ, ಥೈರಾಯ್ಡ್, ಕಿಡ್ನಿ, ಲಿವರ್, ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆ, ಹೀಗೆ ಕಾರಣಗಳ ಪಟ್ಟಿ ಉದ್ದ ಇದೆ. ಆ ಪಟ್ಟಿಯ ಕೆಳಗೆ ಲಿಂಫೋಮಾ ಎಂಬ ರಕ್ತ ಸಂಬಂಧಿ ಕ್ಯಾನ್ಸರೂ ಇದೆ. ತುರಿಕೆಯ ಜೊತೆಗೆ ಸಂಜೆ ಜ್ವರ, ಹಾಸಿಗೆ ಒದ್ದೆಯಾಗುವಷ್ಟು ರಾತ್ರಿ ಬೆವರು, ತೂಕ ಇಳಿಯುವುದು, ಕತ್ತು ಅಥವಾ ಕಂಕುಳಲ್ಲಿ ನೋವಿಲ್ಲದ ಗಂಟು, ಇವುಗಳಲ್ಲಿ ಯಾವುದಾದರೂ ಇದ್ದರೆ ತಡ ಮಾಡಬಾರದು. ಸೆಕೆಯ ಮುಂಬಯಿಯಲ್ಲಿ ಬೆವರುವುದು ಸಹಜ. ಆದರೆ ಫ್ಯಾನ್ ಕೆಳಗೆ ಮಲಗಿದ ಉಳಿದವರಿಗೆ ಬೆವರದೆ ನಿಮಗೊಬ್ಬರಿಗೇ ನೈಟಿ ಬದಲಾಯಿಸುವಷ್ಟು ಬೆವರುತ್ತಿದ್ದರೆ ಅದು ಸೆಕೆಯಲ್ಲ.

ಐದನೆಯದು ಕಾಮಾಲೆ, ನಮ್ಮ ಕರಾವಳಿಯವರ ಅರಸಿನ ಮುಂಡಿಗೆ. ಕಣ್ಣು, ಮೈ ಹಳದಿಯಾದರೆ ಊರಿಗೆ ಫೋನ್ ಮಾಡಿ ಹಳ್ಳಿ ಮದ್ದು ತರಿಸುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ವೈರಸಿನಿಂದ ಬಂದ ಕಾಮಾಲೆ ಬಹಳಷ್ಟು ಸಲ ತನ್ನಷ್ಟಕ್ಕೇ ಇಳಿಯುತ್ತದೆ. ಅದರ ಹೆಸರು ಮದ್ದಿಗೆ ಹೋಗುತ್ತದೆ. ಆದರೆ ಐವತ್ತು ದಾಟಿದವರಿಗೆ ಹೊಟ್ಟೆನೋವಿಲ್ಲದೆ ಕಾಮಾಲೆ ಬಂದು, ಮೈಯೆಲ್ಲ ತುರಿಸಿ, ಮೂತ್ರ ಕಡು ಬಣ್ಣ ಆಗಿ, ಮಲ ಬಿಳಿಚಿಕೊಂಡರೆ ಪಿತ್ತದ ದಾರಿ ಎಲ್ಲೋ ಮುಚ್ಚಿದೆ ಎಂದು ಅರ್ಥ. ಕಲ್ಲು ಇರಬಹುದು. ಮೇದೋಜೀರಕ ಗ್ರಂಥಿಯ ಅಥವಾ ಪಿತ್ತನಾಳದ ಗಡ್ಡೆಯೂ ಇರಬಹುದು. ಒಂದು ಸೋನೋಗ್ರಫಿ ಮಾಡಿದರೆ ದಾರಿ ಕಾಣುತ್ತದೆ. ಪಥ್ಯ ಮಾಡುತ್ತಾ ಕಳೆಯುವ ಎರಡು ತಿಂಗಳು ಇಲ್ಲಿ ಬಹಳ ದುಬಾರಿ.

ಆರನೆಯದು ಹೊಕ್ಕುಳು. ಇದಕ್ಕೆ ಒಬ್ಬ ಮಹಿಳೆಯ ಹೆಸರಿದೆ, ಅದಕ್ಕೇ ನನಗೆ ಇದನ್ನು ಹೇಳಲು ಇಷ್ಟ. ಅಮೆರಿಕದ ರಾಚೆಸ್ಟರ್ ಊರಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಮೇರಿ ಜೋಸೆಫ್ ಎಂಬ ನರ್ಸ್ ಇದ್ದರು. ಪ್ರಸಿದ್ಧ ಶಸ್ತ್ರವೈದ್ಯ ವಿಲಿಯಂ ಮೇಯೊ ಅವರ ಸಹಾಯಕಿ. ಆಪರೇಷನ್ನಿಗೆ ಮುನ್ನ ರೋಗಿಗಳ ಹೊಟ್ಟೆ ತೊಳೆದು ಸಿದ್ಧ ಮಾಡುವಾಗ ಅವರೊಂದು ವಿಷಯ ಗಮನಿಸಿದರು. ಹೊಕ್ಕುಳಲ್ಲಿ ಗಟ್ಟಿ ಗಂಟಿದ್ದ ರೋಗಿಗಳಿಗೆ ಹೊಟ್ಟೆ ತೆರೆದಾಗ ಒಳಗೆ ಹರಡಿದ ಕ್ಯಾನ್ಸರ್ ಇರುತ್ತಿತ್ತು. ಅವರು ಅದನ್ನು ಮೇಯೊ ಅವರಿಗೆ ತೋರಿಸಿಕೊಟ್ಟರು. ಮೇಯೊ 1928ರಲ್ಲಿ ಅದರ ಬಗ್ಗೆ ಬರೆದರು. ಮುಂದೆ 1949ರಲ್ಲಿ ಇಂಗ್ಲೆಂಡಿನ ಹ್ಯಾಮಿಲ್ಟನ್ ಬೈಲಿ ತಮ್ಮ ಪುಸ್ತಕದಲ್ಲಿ ಅದಕ್ಕೆ "ಸಿಸ್ಟರ್ ಜೋಸೆಫ್ ಗಂಟು" ಎಂದು ಹೆಸರಿಟ್ಟರು. ಅಷ್ಟರಲ್ಲಿ ಆಕೆ ತೀರಿಕೊಂಡು ಹತ್ತು ವರ್ಷ ಆಗಿತ್ತು. ಹೊಕ್ಕುಳ ಗಂಟು ಹರ್ನಿಯಾ ಇರಬಹುದು, ಬರೀ ಸೋಂಕಿರಬಹುದು. ಹೊಸದಾಗಿ ಬಂದ ಗಟ್ಟಿ ಗಂಟಾದರೆ ತೋರಿಸಬೇಕು, ಅಷ್ಟೇ. ದೊಡ್ಡ ದೊಡ್ಡ ಡಾಕ್ಟರರ ಕಣ್ಣಿಗೆ ಬೀಳದ್ದು ದಿನಾ ಮೈ ತೊಳೆಯುವ ಕೈಗೆ ಸಿಕ್ಕಿತು ಎನ್ನುವುದು ನಮಗೆ ಪಾಠ.

ಏಕೆಂದರೆ ಮನೆಯಲ್ಲಿ ಆ ಕೆಲಸ ಮಾಡುವವರು ನಾವೇ. ಮಗುವಿನ ಮೈಯಲ್ಲಿ ಸೊಳ್ಳೆ ಕಚ್ಚಿದ ಗುರುತೂ ನಮಗೆ ಗೊತ್ತು. ಅತ್ತೆಗೆ ಸ್ನಾನ ಮಾಡಿಸುವಾಗ ಬೆನ್ನಿನ ಹೊಸ ಮಚ್ಚೆ ಕಾಣುತ್ತದೆ. ಗಂಡನ ಕಾಲಿನ ಹುಣ್ಣಿಗೆ ಬೈದು ಡಾಕ್ಟರರಲ್ಲಿಗೆ ಕಳಿಸುತ್ತೇವೆ. ನಮ್ಮ ಮೈ ನೋಡಿಕೊಳ್ಳಲು ಮಾತ್ರ ಸಮಯವಿಲ್ಲ. ವಿಕ್ರೋಳಿಯಿಂದ ಬೆಳಿಗ್ಗೆ ಲೋಕಲ್ ಹಿಡಿಯುವ ಹೆಂಗಸಿಗೆ ಬಾತ್‌ರೂಮಿನಲ್ಲಿ ಸಿಗುವುದು ಐದು ನಿಮಿಷ. ಹೊರಗಿನಿಂದ ಇಬ್ಬರು ಬಾಗಿಲು ಬಡಿಯುತ್ತಿರುತ್ತಾರೆ.

ಬರಿಗಣ್ಣಿನಿಂದ ನೋಡುವುದಕ್ಕೆ ಎಷ್ಟು ಬೆಲೆ ಇದೆ ಎನ್ನುವುದಕ್ಕೆ ನಮ್ಮ ಮುಂಬಯಿಯದ್ದೇ ದೊಡ್ಡ ಪುರಾವೆ ಇದೆ. 1998ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಈ ನಗರದ ಬಡ ಬಸ್ತಿಗಳಲ್ಲಿ ಒಂದು ಅಧ್ಯಯನ ಶುರು ಮಾಡಿದರು. 35ರಿಂದ 64 ವಯಸ್ಸಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿದ್ದರು. ಅರ್ಧದಷ್ಟು ಬಸ್ತಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ನಡೆಯಿತು. ಮ್ಯಾಮೋಗ್ರಫಿ ಯಂತ್ರ ಇಲ್ಲ. ಪರೀಕ್ಷೆ ಮಾಡಿದವರು ಡಾಕ್ಟರರೂ ಅಲ್ಲ. ಕೆಲವು ವಾರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಪ್ರಕಟವಾಯಿತು. 50 ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಶೇಕಡಾ 30ರ ಹತ್ತಿರ ಇಳಿದಿತ್ತು. 50ರ ಒಳಗಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಇದೇ ಕಾರ್ಯಕರ್ತೆಯರು ವಿನಿಗರ್‌ನಂಥ ದ್ರಾವಣ ಹಚ್ಚಿ ಗರ್ಭಕೋಶದ ಕೊರಳನ್ನು ಕಣ್ಣಿನಿಂದ ನೋಡುವ ಪರೀಕ್ಷೆಯನ್ನೂ ಮಾಡಿದರು. ಆ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಕಡಿಮೆಯಾಯಿತು. ದುಬಾರಿ ಯಂತ್ರ ಇಲ್ಲದೆಯೂ ಜೀವ ಉಳಿಯುತ್ತದೆ. ನೋಡುವವರು ಬೇಕು, ತೋರಿಸುವವರು ಬೇಕು.

ಟಾಟಾ ಆಸ್ಪತ್ರೆಯ ಹೆಸರು ಬಂದಾಗ ಒಂದು ನೆನಪು ಮಾಡಿಕೊಳ್ಳೋಣ. 1941ರ ಫೆಬ್ರವರಿ 28ರಂದು ಶುರುವಾದ ಆ ಆಸ್ಪತ್ರೆಯ ಹಿಂದೆ ಒಬ್ಬ ಮಹಿಳೆಯ ಕಥೆ ಇದೆ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ತಂದೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಮೆಹರ್‌ಬಾಯಿ ಬೆಳೆದದ್ದು ನಮ್ಮ ಬೆಂಗಳೂರು, ಮೈಸೂರುಗಳಲ್ಲಿ. ನಾವು ಭಯದಿಂದ ಹೇಳುವ ಆ ಆಸ್ಪತ್ರೆಯ ಹೆಸರಿಗೆ ಕನ್ನಡ ನಾಡಿನ ನಂಟೂ ಇದೆ ಎಂದು ತಿಳಿದರೆ ಬಾಗಿಲು ಸ್ವಲ್ಪ ಹತ್ತಿರ ಅನ್ನಿಸಬಹುದು.

ಈಗ ಮುಲಾಮಿನ ವಿಷಯ. ನನ್ನ ಕೆಲಸದಲ್ಲಿ ಸರ್ವರ್‌ಗಳಿಗೆ ಅಲಾರ್ಮ್ ಹಾಕಿರುತ್ತೇವೆ. ದಿನಕ್ಕೆ ನೂರು ಅಲಾರ್ಮ್ ಬರುತ್ತದೆ, ತೊಂಬತ್ತೊಂಬತ್ತು ಸಣ್ಣ ಪುಟ್ಟವು. ಪ್ರತಿಯೊಂದಕ್ಕೂ ಬೆಂಕಿ ಬಿತ್ತು ಎಂದು ಓಡಿದರೆ ಕೆಲಸ ಸಾಗುವುದಿಲ್ಲ. ಆದರೆ ಕಿರಿಕಿರಿ ಎಂದು ಅಲಾರ್ಮನ್ನೇ ಮ್ಯೂಟ್ ಮಾಡಿದರೆ ಒಂದು ದಿನ ಇಡೀ ವ್ಯವಸ್ಥೆ ಬಿದ್ದುಹೋಗುತ್ತದೆ. ಡಾಕ್ಟರರನ್ನು ಕೇಳದೆ ಹಚ್ಚುವ ಸ್ಟೀರಾಯ್ಡ್ ಮುಲಾಮು ಮಾಡುವುದು ಅದನ್ನೇ. ತುರಿಕೆ, ಕೆಂಪು ಇಳಿಯುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಎಷ್ಟೋ ತಿಂಗಳ ಮೇಲೆ ಡಾಕ್ಟರರ ಬಳಿ ಹೋದರೂ ಚರ್ಮದ ನಿಜರೂಪ ಅವರಿಗೆ ಕಾಣುವುದಿಲ್ಲ. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಪಕ್ಕದ ಮನೆಯವರು ಟ್ಯೂಬ್ ಕೊಡುತ್ತಾರೆ, ನಾವು ತೆಗೆದುಕೊಳ್ಳುತ್ತೇವೆ. ಅರಸಿನ, ಬೇವು, ತೆಂಗಿನೆಣ್ಣೆ ಹಚ್ಚಬೇಡಿ ಎಂದು ನಾನು ಹೇಳುವುದಿಲ್ಲ. ಹಚ್ಚಿಯೂ ಮೂರು ನಾಲ್ಕು ವಾರದಲ್ಲಿ ಹೋಗಲಿಲ್ಲವೆಂದರೆ ಅದರ ಹೆಸರೇನು ಎಂದು ಡಾಕ್ಟರರಿಂದ ತಿಳಿಯಿರಿ. ಹೆಸರು ಮೊದಲು, ಮುಲಾಮು ಆಮೇಲೆ.

ನನ್ನಲ್ಲಿ ಬಹಳ ಮಂದಿ ಕೇಳುವ ಪ್ರಶ್ನೆ: "ಮೊಬೈಲಿನಲ್ಲಿ ಫೋಟೋ ತೆಗೆದರೆ ಎ.ಐ. ಹೇಳುವುದಿಲ್ಲವೇ?" ನನ್ನದೇ ಕ್ಷೇತ್ರವಾದ್ದರಿಂದ ಉತ್ತರ ಕೊಡುತ್ತೇನೆ. ಇಂಥ ಆ್ಯಪ್‌ಗಳು ಕಲಿಯುವುದು ತಮಗೆ ತೋರಿಸಿದ ಚಿತ್ರಗಳಿಂದ. ಆ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವರದ್ದು. ಪುಸ್ತಕದಲ್ಲಿ ಕೆಂಪು ಎಂದು ಬರೆದದ್ದು ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಕಂದು, ನೇರಳೆ, ಬೂದು ಆಗಿ ಕಾಣಬಹುದು. ಆ್ಯಪ್ "ಏನಿಲ್ಲ" ಎಂದರೆ ನಂಬಿ ಕೂರಬೇಡಿ, "ಕ್ಯಾನ್ಸರ್" ಎಂದರೆ ಅಳಬೇಡಿ. ಮೊಬೈಲಿನ ಒಳ್ಳೆಯ ಉಪಯೋಗ ಬೇರೆ ಇದೆ. ಬದಲಾವಣೆ ಕಂಡ ದಿನ ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಅಳತೆ ಗೊತ್ತಾಗುತ್ತದೆ. ಹತ್ತು ದಿನಕ್ಕೊಮ್ಮೆ ಅದೇ ಜಾಗ, ಅದೇ ಬೆಳಕು. ಡಾಕ್ಟರರಿಗೆ ನಿಮ್ಮ "ಸ್ವಲ್ಪ ದಿನದಿಂದ" ಎನ್ನುವ ಮಾತಿಗಿಂತ ಈ ನಾಲ್ಕು ಫೋಟೋ ಹೆಚ್ಚು ಹೇಳುತ್ತವೆ. ಖಾಸಗಿ ಜಾಗದ ಫೋಟೋ ಆದರೆ ಲಾಕ್ ಇರುವ ಫೋಲ್ಡರಿನಲ್ಲಿಡಿ. ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡಿ.

ಇಷ್ಟೆಲ್ಲ ನೆನಪಿಡುವುದು ಕಷ್ಟ. ನಾಲ್ಕು ಪ್ರಶ್ನೆ ಮಾತ್ರ ನೆನಪಿಡಿ. ಇದು ಹೊಸದೇ? ವೇಗವಾಗಿ ಬದಲಾಗುತ್ತಿದೆಯೇ? ಸಾಮಾನ್ಯ ಚಿಕಿತ್ಸೆಗೆ ಬಗ್ಗುತ್ತಿಲ್ಲವೇ? ಜೊತೆಗೆ ತೂಕ ಇಳಿಯುವುದು, ಹಸಿವಿಲ್ಲದಿರುವುದು, ಜ್ವರ, ನಿಶ್ಶಕ್ತಿ, ರಕ್ತ ಹೋಗುವುದು ಇಂಥದ್ದೇನಾದರೂ ಇದೆಯೇ? ಒಂದಕ್ಕೆ ಹೌದು ಎಂದಾದರೆ ಡಾಕ್ಟರರನ್ನು ಕಾಣಿ. ಎರಡಕ್ಕಿಂತ ಹೆಚ್ಚಿಗೆ ಹೌದು ಎಂದಾದರೆ ಈ ವಾರವೇ ಕಾಣಿ.

ಎಲ್ಲಿಗೆ ಹೋಗುವುದು? ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರರು ಸಾಕು. ಚರ್ಮದ ತಜ್ಞರು ಬೇಕಾದರೆ ಹತ್ತಿರದಲ್ಲೇ ಘಾಟ್ಕೋಪರಿನ ರಾಜಾವಾಡಿ, ಸ್ವಲ್ಪ ಮುಂದೆ ಸಾಯನ್ ಆಸ್ಪತ್ರೆ, ಪರೇಲಿನ ಕೆ.ಇ.ಎಂ. ಇವೆ. ಎಲ್ಲವೂ ಮಹಾನಗರ ಪಾಲಿಕೆಯವು, ಖರ್ಚು ಕಡಿಮೆ. ಟಾಟಾ ಆಸ್ಪತ್ರೆ ಸ್ಲೋ ಲೋಕಲಿನಲ್ಲಿ ಪರೇಲ್ ಇಳಿದರೆ ಹತ್ತಿರವೇ. ಒಬ್ಬರೇ ಹೋಗಬೇಡಿ. ಮೊದಲ ಸಲ ಆ ಆಸ್ಪತ್ರೆಯ ಸಾಲುಗಳನ್ನು ನೋಡಿದರೆ ಯಾರಿಗಾದರೂ ಕಾಲು ನಡುಗುತ್ತದೆ. ಚಿಕಿತ್ಸೆಯ ಖರ್ಚಿಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ನೆರವು ಸಿಗಬಹುದು. ರೇಷನ್ ಕಾರ್ಡು, ಆಧಾರ್‌ಗಳಲ್ಲಿ ಹೆಸರು ಮತ್ತು ವಿಳಾಸ ಸರಿ ಇವೆಯೇ ಎಂದು ಆರೋಗ್ಯವಾಗಿರುವಾಗಲೇ ನೋಡಿಟ್ಟುಕೊಳ್ಳಿ.

ಡಾಕ್ಟರರ ಎದುರು ಕೂತಾಗ ಎರಡು ಮಾತು ಕೇಳಲು ಮರೆಯಬೇಡಿ. "ಇದು ಏನಿರಬಹುದು ಡಾಕ್ಟ್ರೇ?" ಎಂಬುದು ಒಂದು. "ಎಷ್ಟು ದಿನದಲ್ಲಿ ಗುಣವಾಗದಿದ್ದರೆ ಮತ್ತೆ ಬರಬೇಕು?" ಎಂಬುದು ಇನ್ನೊಂದು. ಆ ಎರಡನೆಯ ಪ್ರಶ್ನೆಯ ಉತ್ತರವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ನಮಗೂ ಒಂದು ಚೌಕ ಇರಲಿ. ಚರ್ಮದ ಸಣ್ಣ ತುಂಡು ತೆಗೆದು ಪರೀಕ್ಷೆ ಮಾಡಬೇಕು ಎಂದರೆ ಹೆದರಬೇಡಿ. ಸೂಜಿ ಚುಚ್ಚಿ ಮರಗಟ್ಟಿಸಿ ಮಾಡುವ ಕೆಲವೇ ನಿಮಿಷಗಳ ಕೆಲಸ. ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ನಮ್ಮ ಹಿರಿಯರಲ್ಲಿ ಬಹಳ ಇದೆ. ಆ ಭಯದಿಂದ ಪರೀಕ್ಷೆ ತಪ್ಪಿಸಿದವರಿಗೆ ಆಗುವ ನಷ್ಟವೇ ದೊಡ್ಡದು.

ಚರ್ಮದಲ್ಲಿ ಕಂಡ ಎಲ್ಲ ಗುರುತೂ ಬೇಗ ಕಂಡದ್ದೇ ಆಗಿರುವುದಿಲ್ಲ. ಹೊಕ್ಕುಳ ಗಂಟಿನಂಥವು ಕಾಣುವಾಗ ಒಳಗೆ ಕಾಯಿಲೆ ಬೆಳೆದಿರುತ್ತದೆ. ಅದನ್ನು ಸಿಹಿ ಮಾತಿನಲ್ಲಿ ಮುಚ್ಚಿಡಲಾರೆ. ಆದರೆ ಅಂಥವರಿಗೂ ಇಂದು ಚಿಕಿತ್ಸೆ ಇದೆ, ನೋವಿಗೆ ಪರಿಹಾರ ಇದೆ. ಉಳಿದ ಎಷ್ಟೋ ಗುರುತುಗಳಲ್ಲಿ ಸಮಯ ನಮ್ಮ ಕೈಯಲ್ಲೇ ಇರುತ್ತದೆ. ಅದನ್ನು ಕಳೆಯುವುದು ಹೆಚ್ಚಾಗಿ ರೋಗವಲ್ಲ, ನಮ್ಮ ಸಂಕೋಚ. "ಛೇ, ಇದನ್ನು ಹೇಗೆ ಹೇಳುವುದು" ಎಂಬ ಒಂದು ಮಾತು.

ಆದ್ದರಿಂದ ನಮ್ಮ ಮಹಿಳಾ ವಿಭಾಗಕ್ಕೆ ನನ್ನದೊಂದು ಕೋರಿಕೆ. ಭಜನೆಗೆ, ಹಳದಿ ಕುಂಕುಮಕ್ಕೆ, ವಾರ್ಷಿಕೋತ್ಸವದ ನೃತ್ಯ ತರಬೇತಿಗೆ ನಾವು ಒಬ್ಬರನ್ನೊಬ್ಬರು ಕರೆದುಕೊಂಡು ಹೋಗುತ್ತೇವೆ. ಡಾಕ್ಟರರಲ್ಲಿಗೂ ಹಾಗೇ ಹೋಗೋಣ. ಕನ್ನಮ್ವಾರ್ ನಗರದಲ್ಲಿರಲಿ, ಟಾಗೋರ್ ನಗರದಲ್ಲಿರಲಿ, ಪಾರ್ಕ್‌ಸೈಟಿನಲ್ಲಿರಲಿ, ಮರಾಠಿ, ಹಿಂದಿ ಸರಿಯಾಗಿ ಬಾರದ ನಮ್ಮ ಹಿರಿಯ ಅಮ್ಮಂದಿರು ಇದ್ದಾರೆ. ತಮ್ಮ ಮೈಯ ಕಷ್ಟವನ್ನು ಅವರು ಹೇಳಬಲ್ಲ ಭಾಷೆ ಕನ್ನಡ, ತುಳು ಮಾತ್ರ. ಅವರ ಜೊತೆ ಹೋಗಿ, ಅವರ ಮಾತನ್ನು ಡಾಕ್ಟರರಿಗೆ ದಾಟಿಸಲು ಸಿದ್ಧರಿರುವ ನಾಲ್ಕೈದು ಮಂದಿಯ ಹೆಸರನ್ನು ಇವತ್ತೇ ಬರೆದಿಡೋಣ. ಮೊದಲ ಹೆಸರು ನನ್ನದು ಹಾಕಿ. ಶನಿವಾರ ನನಗೆ ರಜೆ ಇರುತ್ತದೆ.